ದಾಸ್ತಾನು ಯಾರ ಗೋಡೌನಿನಲ್ಲಿ?

2021ರ ಸೆಪ್ಟೆಂಬರ್ ತಿಂಗಳಲ್ಲಿ ತನ್ನ ಹರಿಯಾಣ, ಗುಜರಾತ್ ಕಾರ್ಖಾನೆಗಳ ಉತ್ಪಾದನೆ ಮಾಮೂಲಿನ ಶೇ. 40ರ ಆಸುಪಾಸಿಗೆ ಇಳಿಯಬಹುದೆಂದು ಮಾರುತಿ ಸುಜುಕಿ ಮುಂಚೆಯೇ ಹೇಳಿಬಿಟ್ಟಿತ್ತು. ಉಕ್ಕಿತ್ತು, ಟೈರಿತ್ತು, ಕೆಲಸಗಾರರಿದ್ದರು, ಬುಕ್ ಮಾಡಿ ಕಾಯುತ್ತಿದ್ದ ಗಿರಾಕಿಗಳೂ ಇದ್ದರು. ಇಲ್ಲದ್ದು ಚಿಪ್ ಮಾತ್ರ. ಆ ವರ್ಷ ವಾಣಿಜ್ಯ ಪತ್ರಿಕೆಗಳಲ್ಲೆಲ್ಲ ಒಂದೇ ತೀರ್ಪು: ದಾಸ್ತಾನೇ ಇಟ್ಟುಕೊಳ್ಳದೆ ಬೇಕಾದಾಗ ಬೇಕಾದಷ್ಟೇ ತರಿಸುವ ‘ಜಸ್ಟ್ ಇನ್ ಟೈಮ್’ ಪದ್ಧತಿಯೇ ಇದಕ್ಕೆಲ್ಲ ಕಾರಣ, ಅದರ ಕಾಲ ಮುಗಿಯಿತು. ಈ ತೀರ್ಪು ಅವಸರದ್ದು ಎಂದು ನನಗೆ ಅನಿಸುತ್ತದೆ. ಪದ್ಧತಿಯಲ್ಲಿ ದೋಷವಿದೆ, ನಿಜ. ಆದರೆ ಅದು ಈ ಪತ್ರಿಕೆಗಳು ಬೆರಳು ತೋರಿದ ಜಾಗದಲ್ಲಿಲ್ಲ.

ಪದ್ಧತಿ ಹುಟ್ಟಿದ್ದು ಹಣವಿಲ್ಲದ ಕಾಲದಲ್ಲಿ. 1949–50ರಲ್ಲಿ ಮಾರಾಟವಾಗದ ಗಾಡಿಗಳು ಅಂಗಳದಲ್ಲಿ ನಿಂತು ಟೊಯೊಟಾ ದಿವಾಳಿಯ ಅಂಚಿಗೆ ಬಂದಿತ್ತು. ಕೆಲಸಗಾರರನ್ನು ಮನೆಗೆ ಕಳಿಸಬೇಕಾಯಿತು, ಮುಷ್ಕರ ನಡೆಯಿತು, ಸಂಸ್ಥಾಪಕ ಕೀಚಿರೊ ಟೊಯೊಡ ರಾಜೀನಾಮೆ ಕೊಟ್ಟರು. ಅಲ್ಲಿ ಮಷೀನ್ ಶಾಪ್ ನೋಡಿಕೊಳ್ಳುತ್ತಿದ್ದ ತೈಚಿ ಓನೊ ದಾಸ್ತಾನನ್ನು ಹಗೆಯಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಗಿರಾಕಿ ಎತ್ತಿಕೊಂಡಷ್ಟನ್ನು ಮಾತ್ರ ಮತ್ತೆ ತುಂಬುವ ಅಮೆರಿಕದ ಸೂಪರ್‌ಮಾರ್ಕೆಟ್ ಕಪಾಟಿನ ಕ್ರಮ ಅವರಿಗೆ ಹಿಡಿಸಿತು. ಮುಂದಿನ ಹಂತ ಕೇಳಿದಷ್ಟನ್ನೇ ಹಿಂದಿನ ಹಂತ ಮಾಡಬೇಕು. ಕೇಳಿಕೆಯನ್ನು ಒಂದು ಚೀಟಿ ಹೊತ್ತೊಯ್ಯಬೇಕು. ಆ ಚೀಟಿಯೇ ಕಾನ್‌ಬಾನ್. 1978ರಲ್ಲಿ ಓನೊ ಬರೆದ ಪುಸ್ತಕದಿಂದ ಜಗತ್ತು ಕಲಿತದ್ದು ಇಷ್ಟನ್ನೇ. ಇದು ನಡೆಯಬೇಕಾದರೆ ಮೊದಲು ಉತ್ಪಾದನೆ ದಿನದಿನವೂ ಸಮನಾಗಿ ಹರಿಯಬೇಕು, ತಿಂಗಳ ಕೊನೆಗೆ ಏರಿ ಮೊದಲ ವಾರಕ್ಕೆ ಬೀಳಬಾರದು ಎಂಬ ಅವರ ಪೂರ್ವಷರತ್ತನ್ನು ಓದಿದವರು ಕಡಿಮೆ, ಪಾಲಿಸಿದವರು ಇನ್ನೂ ಕಡಿಮೆ.

ಪದ್ಧತಿಯ ನಿಜವಾದ ಪರೀಕ್ಷೆ ನಡೆದದ್ದು 1997ರ ಫೆಬ್ರವರಿ 1ರ ಶನಿವಾರ, ಬೆಳಗಿನ ಜಾವ. ಜಪಾನಿನ ಕರಿಯ ಪಟ್ಟಣದಲ್ಲಿ ಟೊಯೊಟಾದ ಪೂರೈಕೆದಾರ ಐಸಿನ್ ಸೇಕಿಯ ಕಾರ್ಖಾನೆ ಹೊತ್ತಿ ಉರಿಯಿತು. ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಒತ್ತಡವನ್ನು ಹದಗೊಳಿಸುವ ಪಿ-ವಾಲ್ವ್ ಎಂಬ ಪುಟ್ಟ ಭಾಗ ಅಲ್ಲಿ ತಯಾರಾಗುತ್ತಿತ್ತು. ಸಾವಿರ ಯೆನ್ ಆಸುಪಾಸಿನ ಸಾಮಾನು; ಟೊಯೊಟಾಗೆ ಬೇಕಾದದ್ದರಲ್ಲಿ ಬಹುಪಾಲು ಈ ಒಂದೇ ಕಟ್ಟಡದಿಂದ ಬರುತ್ತಿತ್ತು. ಕೈಯಲ್ಲಿದ್ದ ದಾಸ್ತಾನು ಎಲ್ಲ ಸೇರಿದರೂ ಎರಡು ಮೂರು ದಿನಕ್ಕೆ. ವಾರ ಶುರುವಾಗುತ್ತಿದ್ದಂತೆ ಟೊಯೊಟಾದ ಅಸೆಂಬ್ಲಿ ಲೈನ್‌ಗಳು ಒಂದೊಂದಾಗಿ ನಿಂತವು.

ಆಮೇಲೆ ನಡೆದದ್ದೇ ಈ ಕಥೆಯ ಸಾರ. ಐಸಿನ್ ತನ್ನ ಡ್ರಾಯಿಂಗ್‌ಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. ವಾಲ್ವ್ ಎಂದೂ ಮಾಡದ ಸಂಸ್ಥೆಗಳು, ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿ ಸಹಿತ, ತಮ್ಮ ಮಿಲ್ಲಿಂಗ್ ಯಂತ್ರಗಳಲ್ಲಿ ಫಿಕ್ಸ್ಚರ್ ಕಟ್ಟಿಕೊಂಡು ಕೂತವು. ಸುಮಾರು ಇನ್ನೂರು ಸಂಸ್ಥೆಗಳು ಒಂದಲ್ಲ ಒಂದು ರೀತಿ ಕೈಹಾಕಿದವು. ದರವೆಷ್ಟು, ಖರ್ಚು ಯಾರದ್ದು ಎಂಬ ಮಾತು ಆಗ ಏಳಲಿಲ್ಲ. ನಾಲ್ಕನೇ ದಿನಕ್ಕೆ ಮೊದಲ ಸಾವಿರ ವಾಲ್ವ್ ಬಂದವು; ವಾರದೊಳಗೆ ಲೈನ್‌ಗಳು ಮತ್ತೆ ಓಡತೊಡಗಿದವು. ಕೊನೆಗೆ ಟೊಯೊಟಾ ತನ್ನ ನೇರ ಪೂರೈಕೆದಾರರಿಗೆ ಆ ವರ್ಷದ ಮೊದಲ ಮೂರು ತಿಂಗಳ ವಹಿವಾಟಿನ ಶೇ. 1ರಷ್ಟನ್ನು ಕೃತಜ್ಞತೆಯಾಗಿ ಕೊಟ್ಟಿತು. ಅವರಲ್ಲಿ ಹಲವರು ಅದೇ ಲೆಕ್ಕದಲ್ಲಿ ತಮ್ಮ ಕೆಳಗಿನವರಿಗೆ ಹಂಚಿದರು. ಒಂದೇ ಕಟ್ಟಡವನ್ನು ನೆಚ್ಚಿ ಕೂತದ್ದು ಟೊಯೊಟಾದ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಉಳಿಸಿದ ಶಕ್ತಿ ಯಾವ ಗೋಡೌನಿನಲ್ಲೂ ಇರಲಿಲ್ಲ.

ಜಪಾನಿನ 2011ರ ಭೂಕಂಪದಲ್ಲಿ ರೆನೆಸಾಸ್ ಕಂಪನಿಯ ನಾಕ ಚಿಪ್ ಕಾರ್ಖಾನೆ ನಿಂತಾಗ ಟೊಯೊಟಾ ಇನ್ನೊಂದು ಪಾಠ ಕಲಿತಿತು. ತನ್ನ ಪೂರೈಕೆದಾರರ ಪೂರೈಕೆದಾರರು ಯಾರು, ಅವರಿಗೆ ಕೊಡುವವರು ಯಾರು ಎಂದು ತಳದವರೆಗೆ ಪಟ್ಟಿ ಮಾಡಿತು. ಚಿಪ್‌ನಂಥ ಭಾಗಗಳನ್ನು ಎರಡರಿಂದ ಆರು ತಿಂಗಳಿಗಾಗುವಷ್ಟು ಇಟ್ಟುಕೊಳ್ಳಿ ಎಂದು ಪೂರೈಕೆದಾರರಿಗೆ ಹೇಳಿತು. ಜಸ್ಟ್ ಇನ್ ಟೈಮ್‌ನ ತವರಿನಲ್ಲೇ ಇಂಥ ಮಾತು! 2021ರ ಮೊದಲರ್ಧದಲ್ಲಿ ಉಳಿದವರು ಒದ್ದಾಡುವಾಗ ಟೊಯೊಟಾ ಓಡುತ್ತಲೇ ಇದ್ದದ್ದು ಇದರಿಂದ. ಹಾಗೆಂದು ಭಕ್ತಿಯೇನೂ ಬೇಡ: ಅದೇ ವರ್ಷದ ಸೆಪ್ಟೆಂಬರ್‌ಗೆ ಅದೂ ಜಾಗತಿಕ ಉತ್ಪಾದನೆಯನ್ನು ಶೇ. 40ರಷ್ಟು ಕಡಿತ ಮಾಡಬೇಕಾಯಿತು. 2023ರ ಆಗಸ್ಟ್‌ನಲ್ಲಿ ಜಪಾನಿನಲ್ಲಿರುವ ಅದರ 14 ಕಾರ್ಖಾನೆಗಳು ನಿಂತದ್ದಂತೂ ಬಿಡಿಭಾಗಗಳ ಆರ್ಡರ್ ನೋಡುವ ಸರ್ವರ್‌ನ ಡಿಸ್ಕ್‌ನಲ್ಲಿ ಜಾಗ ಸಾಲದೆ.

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಪೀಣ್ಯದ ಸಣ್ಣ ಮಷೀನ್ ಶಾಪುಗಳಲ್ಲಿ ಈ ಪದ್ಧತಿ ಕಾಣಿಸುವ ರೂಪ ಬೇರೆ. ದೊಡ್ಡ ಕಂಪನಿಯಿಂದ ತಿಂಗಳ ಮೊದಲಿಗೆ ಶೆಡ್ಯೂಲ್ ಬರುತ್ತದೆ, ನಡುವೆ ಒಮ್ಮೆಯೋ ಎರಡು ಬಾರಿಯೋ ತಿದ್ದುಪಡಿ. ಇಪ್ಪತ್ತೈದನೇ ತಾರೀಖು ದಾಟಿದ ಮೇಲೆ ಫೋನು: ‘ಲೈನ್ ನಿಂತೋಗುತ್ತೆ ಸಾರ್, ರಾತ್ರಿನೇ ಗಾಡಿ ಬಿಡಿ.’ ನಿಂತರೆ ಬಿಲ್ಲಿನಿಂದ ಹಣ ಕಡಿಯುವ ಡೆಬಿಟ್ ನೋಟ್. ಈ ಭಯಕ್ಕೆ ಮಾಲೀಕ ಮೂರು ನಾಲ್ಕು ವಾರದ ಮಾಲನ್ನು ಮೊದಲೇ ಮಾಡಿ, ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ, ಪಾಲಿಥಿನ್ ಸುತ್ತಿ ರ್‍ಯಾಕ್‌ನಲ್ಲಿ ಇಟ್ಟಿರುತ್ತಾನೆ. ಶೆಡ್ಯೂಲ್ ಇಳಿದರೆ ಅದು ಅಲ್ಲೇ ಕೂರುತ್ತದೆ. ಡ್ರಾಯಿಂಗ್‌ನಲ್ಲಿ ಒಂದು ರಿವಿಷನ್ ಬಂದರೆ ಅಷ್ಟೂ ಗುಜರಿಗೆ. ಅತ್ತ ಉಕ್ಕಿನ ರಾಡ್ ಕೊಡುವವನಿಗೆ ನಗದು ಕೊಡಬೇಕು, ಇತ್ತ ಬಿಲ್ಲು ಪಾಸಾಗಲು ತಿಂಗಳುಗಟ್ಟಲೆ ಕಾಯಬೇಕು. ನಡುವಿನ ಅಂತರವನ್ನು ತುಂಬುವುದು ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆ.

ದಾಸ್ತಾನು ಇಲ್ಲಿ ಕಡಿಮೆಯಾಗಿಲ್ಲ, ವಿಳಾಸ ಬದಲಾಯಿಸಿದೆ. ದೊಡ್ಡ ಕಂಪನಿಯ ವಾರ್ಷಿಕ ವರದಿಯಲ್ಲಿ ದಾಸ್ತಾನಿನ ದಿನಗಳು ಇಳಿದು ಎಂಡಿ ಸಾಹೇಬರು ಮೆಚ್ಚುಗೆ ಪಡೆಯುತ್ತಾರೆ. ಅದೇ ಮಾಲಿನ ಮೇಲೆ ಅವರಿಗಿಂತ ದುಬಾರಿ ಬಡ್ಡಿ ಕಟ್ಟುವವನು ಪೀಣ್ಯದ ಮಾಲೀಕ. ಕೊನೆಗೆ ಆ ಬಡ್ಡಿ ಬಿಡಿಭಾಗದ ದರದೊಳಗೇ ಸೇರಿ ಹಿಂದಿರುಗುತ್ತದೆ, ಇಲ್ಲವೇ ಮಾಲೀಕ ಮುಳುಗುತ್ತಾನೆ. ಓನೊ ಇದನ್ನು ನೋಡಿದ್ದರೆ ಅಪವ್ಯಯವೆಂದೇ ಬರೆಯುತ್ತಿದ್ದರು. ಇಂಥ ನಂಟಿನಲ್ಲಿ ನಾಳೆ ಒಂದು ಬೆಂಕಿ ಬಿದ್ದರೆ ದರ ಕೇಳದೆ ರಾತ್ರಿಯಿಡೀ ಫಿಕ್ಸ್ಚರ್ ಕಟ್ಟಲು ಬರುವವರು ಯಾರು?

ಕೋವಿಡ್ ನಂತರ ಕೆಲವರು ಎದುರು ದಿಕ್ಕಿಗೆ ಓಡಿ ಸಿಕ್ಕಿದ್ದೆಲ್ಲ ಕೊಂಡು ತುಂಬಿಕೊಂಡರು. ಅದು ಮದ್ದಲ್ಲ. ಅಂಗಡಿಯ ಮಟ್ಟದ ಸಣ್ಣ ಏರಿಳಿತ ಸರಪಳಿಯಲ್ಲಿ ಹಿಂದೆ ಹಿಂದೆ ಹೋದಂತೆ ದೊಡ್ಡದಾಗುತ್ತದೆ ಎಂದು ಎಂಐಟಿಯ ಪ್ರಾಧ್ಯಾಪಕ ಜೇ ಫಾರೆಸ್ಟರ್ 1961ರಲ್ಲೇ ತೋರಿಸಿದ್ದರು. ಕೊರತೆಯ ಹೆದರಿಕೆಗೆ ಎಲ್ಲರೂ ದುಪ್ಪಟ್ಟು ಆರ್ಡರ್ ಕೊಟ್ಟರೆ ಕೊರತೆ ಇನ್ನಷ್ಟು ಬೆಳೆಯುತ್ತದೆ, ಆಮೇಲೆ ಗೋಡೌನುಗಳಲ್ಲಿ ಕದಲದ ಸರಕು ಉಳಿಯುತ್ತದೆ.

ಸರ್ಕಾರ ಸುಮ್ಮನೆ ಕೂತಿಲ್ಲ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಪೂರೈಕೆದಾರರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಂ ಅದಕ್ಕೆ ಹಲ್ಲು ಕೂರಿಸಿತು. ಗಡುವು ಮೀರಿದರೆ ಆ ಖರ್ಚನ್ನು ಹಣ ಪಾವತಿಸಿದ ವರ್ಷದಲ್ಲಷ್ಟೇ ಲೆಕ್ಕಕ್ಕೆ ಹಿಡಿಯಬಹುದು. ಒಳ್ಳೆಯ ಹೆಜ್ಜೆಯೇ. ಆದರೆ ಆ 45 ದಿನ ಶುರುವಾಗುವುದು ಮಾಲನ್ನು ಕೊಂಡವರು ಒಪ್ಪಿಕೊಂಡ ಮೇಲೆ. ಶೆಡ್ಯೂಲ್ ನಂಬಿ ಮಾಡಿಟ್ಟು, ಕರೆ ಬಾರದೆ ರ್‍ಯಾಕ್‌ನಲ್ಲೇ ಕೂತ ಮಾಲಿಗೆ ಇನ್‌ವಾಯ್ಸೇ ಇಲ್ಲ. ಆ ತಿಂಗಳುಗಳ ಲೆಕ್ಕವನ್ನು ಸದ್ಯಕ್ಕೆ ಕಾಯ್ದೆಯೂ ಕೇಳುವುದಿಲ್ಲ, ಕಂಪನಿಯೂ ಕೇಳುವುದಿಲ್ಲ.