‘ಸಮಯಾವಕಾಶವಿಲ್ಲದೆ’ ಎಂಬ ಸಾಲು

ಸರ್ಚ್ ವಾರಂಟಿಗೆ ನಮ್ಮಲ್ಲಿ ಅದರ ಯೋಗ್ಯತೆಗೆ ಮೀರಿದ ಹೆಸರಿದೆ. ಸಿನಿಮಾಗಳು ಕೊಟ್ಟದ್ದು ಅರ್ಧ, ಪತ್ರಿಕೆಗಳ ಕಾನೂನು ಅಂಕಣಗಳು ಕೊಟ್ಟದ್ದು ಇನ್ನರ್ಧ. ಬಾಗಿಲಿಗೆ ಅಡ್ಡ ನಿಂತು ‘ವಾರಂಟ್ ಎಲ್ಲಿ?’ ಎಂದು ಕೇಳಿದರೆ ಪೊಲೀಸರು ಹಿಂದೆ ಸರಿಯಬೇಕಾಗುತ್ತದೆ ಎಂದೇ ಓದಿದವರೂ ನಂಬಿದ್ದಾರೆ. ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿಯ ಯಾವುದೋ ತೋಟದ ಮನೆಯಾತ ಹಾಗೆ ಕೇಳಿದನೆಂದು ಇಟ್ಟುಕೊಳ್ಳೋಣ. ಪಿಎಸ್‌ಐ ‘ಇಲ್ಲ, ಬೇಕಾಗಿಯೂ ಇಲ್ಲ’ ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ಕಾನೂನು ಪಿಎಸ್‌ಐ ಪರವಾಗಿಯೇ ಇರುತ್ತದೆ. ಗಂಡಸಿಯ ಹೆಸರು ತೆಗೆದದ್ದು ಅಲ್ಲಿನ ಠಾಣೆಯ ಮೇಲೆ ದೂರು ಹೇಳಲಿಕ್ಕಲ್ಲ. ನಾನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವ ಬರವಣಿಗೆ ಹುಟ್ಟುವುದೇ ಅಂಥ ಹೋಬಳಿ ಠಾಣೆಗಳ ಮೇಜಿನ ಮೇಲೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 96ನೇ ಕಲಂ ವಾರಂಟಿನದು, 185ನೇ ಕಲಂ ವಾರಂಟಿಲ್ಲದ ಶೋಧದ್ದು. ಹಳೆಯ ಸಂಹಿತೆಯಲ್ಲಿ ಇವು 93 ಮತ್ತು 165 ಆಗಿದ್ದವು. ವಾರಂಟ್ ಬಿಟ್ಟುಕೊಟ್ಟ ಜಾಗದಲ್ಲಿ ಕಾನೂನು ತನಿಖಾಧಿಕಾರಿಯಿಂದ ಲಿಖಿತ ಕಾರಣ ಕೇಳುತ್ತದೆ: ಏನನ್ನು ಹುಡುಕುತ್ತಿದ್ದೇನೆ, ಅದು ಅಲ್ಲಿದೆಯೆಂದು ಏಕೆ ನಂಬಿದ್ದೇನೆ, ತಡಮಾಡಿದರೆ ಏಕೆ ಕೆಟ್ಟೀತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯೂ ಅಷ್ಟೇ. 53ನೇ ಕಲಂ ಮ್ಯಾಜಿಸ್ಟ್ರೇಟರ ವಾರಂಟಿಗೆ, 54ನೇ ಕಲಂ ವಾರಂಟಿಲ್ಲದೆ ನುಗ್ಗುವ ಅಧಿಕಾರಿ ಮೊದಲೇ ಬರೆದಿಡಬೇಕಾದ ಕಾರಣಕ್ಕೆ. ಹೊಗಳಿಕೆ, ತೆಗಳಿಕೆ ಎಲ್ಲವೂ ವಾರಂಟಿನ ಪಾಲಾಗಿ, ಮನೆಯ ಬಾಗಿಲನ್ನು ನಿಜವಾಗಿ ತೆರೆಯುವ ಈ ಕಾರಣದ ಸಾಲನ್ನು ಓದುವವರೇ ಇಲ್ಲವಾಗಿದ್ದಾರೆ.

ಓದಿ ನೋಡೋಣ. ಠಾಣೆಯಿಂದ ಠಾಣೆಗೆ ಪದಗಳು ಅಷ್ಟಿಷ್ಟು ಬದಲಾಗುತ್ತವೆ, ಅಚ್ಚು ಹೆಚ್ಚುಕಡಿಮೆ ಹೀಗಿರುತ್ತದೆ: ಬಾತ್ಮೀದಾರರಿಂದ ಖಚಿತ ಮಾಹಿತಿ ಬಂದ ಮೇರೆಗೆ, ವಾರಂಟ್ ಪಡೆದು ಬರುವಷ್ಟರಲ್ಲಿ ಆಸಾಮಿಗಳು ಮಾಲು ಸಮೇತ ಪರಾರಿಯಾಗುವ ಸಂಭವವಿದ್ದುದರಿಂದ, ಸಮಯಾವಕಾಶವಿಲ್ಲದೆ, ಸಿಬ್ಬಂದಿ ಮತ್ತು ಪಂಚರೊಂದಿಗೆ ಸ್ಥಳಕ್ಕೆ ಹೋಗಿ ದಾಳಿ ಮಾಡಲಾಗಿ.

ಮೊದಲು ಕಾಲದ ವಿಚಾರ. ಮಾಹಿತಿ ಬಂದ ಗಂಟೆ, ಠಾಣೆ ಬಿಟ್ಟ ಗಂಟೆ, ಮಹಜರು ಮುಗಿದ ಗಂಟೆ ಇಷ್ಟೂ ನಿಮಿಷದ ಲೆಕ್ಕದಲ್ಲಿ ದಾಖಲಾಗುತ್ತವೆ. ವಾರಂಟಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂಬ ಒಂದೇ ಒಂದು ಲೆಕ್ಕ ಇರುವುದಿಲ್ಲ. ಗಂಡಸಿಗೆ ಅರಸೀಕೆರೆ ಹೊರ ರಾಜ್ಯವಲ್ಲ, ಅದೇ ತಾಲ್ಲೂಕಿನ ಕೇಂದ್ರ. ಮ್ಯಾಜಿಸ್ಟ್ರೇಟರು ಅಂದು ರಜೆಯಲ್ಲಿದ್ದರೇ, ಹೊತ್ತು ಮೀರಿತ್ತೇ, ಠಾಣೆಯ ಜೀಪು ಬಂದೋಬಸ್ತಿಗೆ ಹೋಗಿತ್ತೇ? ಇವೆಲ್ಲ ಒಪ್ಪಬಹುದಾದ ಕಾರಣಗಳು. ಒಂದನ್ನಾದರೂ ಬರೆದಿದ್ದರೆ ಆ ಸಾಲು ಆ ದಿನದ್ದಾಗುತ್ತಿತ್ತು. ಬರೆಯದ್ದರಿಂದ ಅದು ಯಾವ ದಿನಕ್ಕೂ, ಯಾವ ಮನೆಗೂ ಹೊಂದುತ್ತದೆ.

ಎರಡನೆಯದು ಪರಾರಿಯ ಮಾತು. ಮದ್ಯದ ನಾಲ್ಕು ಟೆಟ್ರಾ ಪ್ಯಾಕೆಟ್ ಇಟ್ಟುಕೊಂಡು ಗೂಡಂಗಡಿಯಲ್ಲಿ ಮಾರುವವನು ಎಲ್ಲಿಗೆ ಓಡಿಹೋಗುತ್ತಾನೆ? ಅವನ ಅಂಗಡಿ ನಾಳೆಯೂ ಅಲ್ಲೇ ಇರುತ್ತದೆ. ಮಾಲು ಸಾಗಿಸಿಬಿಡುವ ಭಯ ಲಾರಿಯ ಮಟ್ಟಿಗೆ ದಿಟವಿದ್ದೀತು. ಅದೇ ಭಯವನ್ನು ಅದೇ ಮಾತಿನಲ್ಲಿ ಗೂಡಂಗಡಿಗೂ ತೊಡಿಸಿದಾಗ ಬರೆದವರು ಸ್ಥಳವನ್ನು ಯೋಚಿಸಿಲ್ಲವೆಂದು ಗೊತ್ತಾಗುತ್ತದೆ.

ಮೂರನೆಯದು ಹೆಚ್ಚು ಗಂಭೀರ. ಈ ಸಾಲು ಮುಂದೆ ಏನಾದೀತೆಂಬ ಆತಂಕವನ್ನು ಹೇಳುತ್ತದೆ, ಆದರೆ ಎಷ್ಟೋ ಸಲ ಬರೆಯಲ್ಪಡುವುದು ಎಲ್ಲ ಆದ ಮೇಲೆ. ಮಾಲು ಎಣಿಸಿ, ಸೀಲು ಹಾಕಿ, ಠಾಣೆಗೆ ಬಂದು ವರದಿ ಬರೆಯುವ ಕೈಗೆ ಫಲಿತಾಂಶ ಗೊತ್ತಿರುತ್ತದೆ. ‘ಖಚಿತ ಮಾಹಿತಿ’ಯ ಖಚಿತತೆ ಬರುವುದು ಮಾಲು ಸಿಕ್ಕಿದ ಮೇಲೆಯೇ. ಏನೂ ಸಿಗದೆ ವಾಪಸಾದ ಶೋಧಗಳಲ್ಲಿ ಈ ಸಾಲು ಹೇಗಿರುತ್ತದೆಂದು ತಿಳಿಯುವ ಅವಕಾಶ ನಮಗೆ ಸಿಗುವುದು ಅಪರೂಪ, ಅವು ಕೋರ್ಟಿನ ತನಕ ಬರುವುದಿಲ್ಲ.

ಬರೆಯಲು ಬಾರದವರ ಬರಹವಿದು ಎಂದು ತಳ್ಳಿಹಾಕುವಂತಿಲ್ಲ. ಅದೇ ಮಹಜರಿನ ಮುಂದಿನ ಪುಟ ನೋಡಿ. ಸ್ಥಳದ ಚೆಕ್ಕುಬಂದಿ, ಪ್ಯಾಕೆಟ್ಟಿನ ಅಳತೆ, ಬ್ಯಾಚ್ ನಂಬರು, ಬಿಳಿ ಬಟ್ಟೆಯ ಹೊಲಿಗೆ, ಅರಗಿನ ಮೇಲೊತ್ತಿದ ಅಕ್ಷರ, ಜಪ್ತಿ ಮಾಲಿನ ಪಿ.ಎಫ್. (ಪ್ರಾಪರ್ಟಿ ಫಾರ್ಮ್) ಸಂಖ್ಯೆ. ವಸ್ತುವಿನ ವಿಷಯದಲ್ಲಿ ಇಷ್ಟು ಚೊಕ್ಕವಾಗಿರುವ ಗದ್ಯ ಕಾರಣದ ವಿಷಯದಲ್ಲಿ ಮಂಕಾಗುವುದು ಅಭ್ಯಾಸಬಲದಿಂದ. ಜಡ್ಜ್ ಯಾವುದನ್ನು ಕೇಳುತ್ತಾರೋ ಅದನ್ನು ಅಚ್ಚುಕಟ್ಟಾಗಿ ಬರೆಯುವುದು ಠಾಣೆಗೆ ಚೆನ್ನಾಗಿ ಗೊತ್ತಿದೆ.

ಇಸ್ಪೀಟಿನ ಪ್ರಕರಣಗಳಲ್ಲಿ ಇದೇ ಕುಶಲತೆ ಇನ್ನೊಂದು ರೂಪ ತಾಳುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರಲ್ಲಿ ಜೂಜುಕಟ್ಟೆಯೆಂದು ಶಂಕಿಸಿದ ಮನೆಯ ದಾರಿ ಬೇರೆ, 87ನೇ ಕಲಮಿನ ಸಾರ್ವಜನಿಕ ಸ್ಥಳದ ದಾರಿ ಬೇರೆ. ಎರಡನೆಯದು ಸಲೀಸು. ಹಾಗಾಗಿ ಬೇಲಿಯಿರುವ ತೆಂಗಿನ ತೋಟ ವರದಿಯಲ್ಲಿ ‘ಸಾರ್ವಜನಿಕ ಸ್ಥಳ’ವಾದರೆ ಓದುಗ ಅಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಪತ್ರಿಕೆಯ ವರದಿಗಾರ ನಿಲ್ಲುವುದಿಲ್ಲ. ‘ಅಂದರ್ ಬಾಹರ್: ಏಳು ಮಂದಿ ಸೆರೆ, ನಗದು ವಶ’ ಎಂದು ಬರೆದು ಮುಂದೆ ಹೋಗುತ್ತಾನೆ.

ನ್ಯಾಯಾಲಯಗಳಿಗೆ ಇದು ತಿಳಿಯದ ಸಂಗತಿಯಲ್ಲ. ನಮ್ಮದೇ ಅಬಕಾರಿ ಕಾಯ್ದೆಯ ಪ್ರಕರಣವೊಂದರಲ್ಲಿ, ಕಾರೊಂದನ್ನು ಶೋಧಿಸುವ ಮುನ್ನ ಅಧಿಕಾರಿ 54ನೇ ಕಲಮಿನ ಕಾರಣವನ್ನು ದಾಖಲಿಸಲಿಲ್ಲವೆಂಬ ನೆಲೆಯಲ್ಲಿ ಸುಪ್ರೀಂ ಕೋರ್ಟು 1979ರಲ್ಲಿ ಶಿಕ್ಷೆಯನ್ನೇ ರದ್ದು ಮಾಡಿತು. ಆದರೆ ಅದೇ ನ್ಯಾಯಾಲಯ ಅದಕ್ಕೂ ಮುಂಚೆ, ಶೋಧ ಕ್ರಮಬದ್ಧವಲ್ಲದಿದ್ದ ಮಾತ್ರಕ್ಕೆ ಸಿಕ್ಕ ಸಾಕ್ಷ್ಯವನ್ನು ಎಸೆಯಬೇಕಿಲ್ಲ ಎಂದೂ ಹೇಳಿತ್ತು. ಈ ಎರಡು ನುಡಿಗಳ ನಡುವೆ ಠಾಣೆ ಕಲಿತ ಪಾಠ ಸ್ಪಷ್ಟ: ಕಾರಣವೆಂಬ ಖಾನೆ ಖಾಲಿ ಇರಬಾರದು, ಅಷ್ಟೇ. 1979ರ ತೀರ್ಪು ಕೇಳಿದ್ದು ಯೋಚನೆಯನ್ನು. ಅದರಿಂದ ಹುಟ್ಟಿದ್ದು ಅಚ್ಚು.

ಇಲ್ಲಿ ಎರಡು ಬಗೆಯ ವಿಮರ್ಶಕರೊಂದಿಗೆ ನನ್ನ ತಕರಾರಿದೆ. ಮೊದಲನೆಯವರು ಪಂಚರ ಮೇಲೆ ಹರಿಹಾಯುವವರು. ‘ಠಾಣೆಯಲ್ಲಿ ಸಹಿ ಮಾಡಿಸಿಕೊಂಡರು, ಅದರಲ್ಲಿ ಏನಿದೆಯೋ ಗೊತ್ತಿಲ್ಲ’ ಎಂದು ಕಟಕಟೆಯಲ್ಲಿ ತಿರುಗಿಬಿದ್ದ ಹಳ್ಳಿಯವನನ್ನು ಸುಳ್ಳನೆಂದು ಕರೆಯುವುದು ಇವರಿಗೆ ಸುಲಭ. ಸ್ಥಳೀಯರೂ ಗೌರವಸ್ಥರೂ ಆದ ಇಬ್ಬರನ್ನು ಕರೆಯಿರಿ ಎನ್ನುತ್ತದೆ ಸಂಹಿತೆಯ 103ನೇ ಕಲಂ. ಒಪ್ಪದಿದ್ದರೆ ಅದೂ ಅಪರಾಧ. ಒಂದೇ ಕೆರೆಯ ನೀರು, ಒಂದೇ ಹಾಲಿನ ಡೇರಿ, ಒಂದೇ ಜಾತ್ರೆಯ ಊರಿನಲ್ಲಿ ನೆರೆಯವನ ಮನೆಯ ಮಹಜರಿಗೆ ಸಹಿ ಹಾಕಿ ಬದುಕಬೇಕಾದವನ ಪಾಡನ್ನು ಇವರು ಊಹಿಸುವುದೇ ಇಲ್ಲ. ಪಂಚ ತಿರುಗಿಬಿದ್ದಾಗ ಅವನ ಸತ್ಯಸಂಧತೆಯ ಜೊತೆಗೆ, ಅವನ ಸಹಿ ಎಲ್ಲಿ, ಯಾವಾಗ ಬಿತ್ತು ಎಂಬುದನ್ನೂ ತೂಗಬೇಡವೇ?

ಎರಡನೆಯವರು ವಿಡಿಯೊ ಭಕ್ತರು. ಹೊಸ ಸಂಹಿತೆಯ 105ನೇ ಕಲಂ ಶೋಧ, ಜಪ್ತಿ, ಪಟ್ಟಿ ತಯಾರಿಕೆ, ಸಾಕ್ಷಿಗಳ ಸಹಿ ಎಲ್ಲವನ್ನೂ ಆದಷ್ಟು ಮೊಬೈಲಿನಲ್ಲೇ ಚಿತ್ರೀಕರಿಸಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳಿಸಿ ಎನ್ನುತ್ತದೆ. ಅದಕ್ಕೆಂದೇ ‘ಇ-ಸಾಕ್ಷ್ಯ’ ಆ್ಯಪ್ ಕೂಡ ಬಂದಿದೆ. ಇನ್ನು ಸುಳ್ಳು ಮಹಜರಿಗೆ ಜಾಗವಿಲ್ಲವೆಂದು ಇವರು ಸಂಭ್ರಮಿಸುತ್ತಾರೆ. ಪೊಟ್ಟಣ ಮಂಚದ ಕೆಳಗೆ ಸಿಕ್ಕಿತೋ ಜೇಬಿನಿಂದ ಇಳಿಯಿತೋ ಎಂಬುದನ್ನು ವಿಡಿಯೊ ಹೇಳೀತು, ಅದು ಸಣ್ಣ ಲಾಭವಲ್ಲ. ಆದರೆ ಕ್ಯಾಮೆರಾ ಆನ್ ಆಗುವುದು ಹೊಸ್ತಿಲ ಬಳಿ. ಹೊಸ್ತಿಲ ತನಕ ಬಂದದ್ದೇಕೆ ಎಂಬುದು ಅದಕ್ಕೆ ಕಾಣುವುದಿಲ್ಲ. 185ನೇ ಕಲಂ ಕಾರಣದ ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಿಸಬೇಕೆಂದು ಗಡುವು ಹಾಕಿದೆ. ವಿಡಿಯೊ ಭಕ್ತರು ಅದರ ಮಾತೇ ಎತ್ತುವುದಿಲ್ಲ.

ಪೊಲೀಸರ ಕಷ್ಟವನ್ನೂ ಹೇಳಬೇಕು. ಸಿಬ್ಬಂದಿ ಕಡಿಮೆ, ಸರಹದ್ದು ದೊಡ್ಡದು, ಕೆಲವು ಮಾಹಿತಿ ಅರ್ಧ ಗಂಟೆಯಲ್ಲಿ ಹಳಸುತ್ತದೆ. ಒಪ್ಪಿದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮಟ್ಕಾದಂಥ ಅಸಂಜ್ಞೇಯ ಪ್ರಕರಣಗಳಲ್ಲಿ ಇವೇ ಠಾಣೆಗಳು ತನಿಖೆಗೆ ಅನುಮತಿ ಕೋರಿ ಪೇದೆಯ ಕೈಯಲ್ಲಿ ಪತ್ರ ಕೊಟ್ಟು ಕೋರ್ಟಿಗೆ ಕಳಿಸುವುದು ವರ್ಷಗಟ್ಟಲೆ ನಡೆದುಬಂದಿದೆ. ಪತ್ರದ ಮೇಲೆಯೇ ಒಂದು ಮಾತಿನ ಅನುಮತಿ ಗೀಚಿದ ಮ್ಯಾಜಿಸ್ಟ್ರೇಟರನ್ನು ನಮ್ಮ ಹೈಕೋರ್ಟು ಪದೇ ಪದೇ ತರಾಟೆಗೆ ತೆಗೆದುಕೊಂಡಿದೆ. ಅಂದರೆ ಕೋರ್ಟಿನ ದಾರಿ ಠಾಣೆಗೆ ಗೊತ್ತು, ಅದು ಅಷ್ಟೇನೂ ದೂರದ್ದೂ ಅಲ್ಲ.

ಈಗಂತೂ ಆ ದಾರಿ ಜೇಬಿನಲ್ಲೇ ಇದೆ. ವಾರಂಟ್ ಹೊರಡಿಸುವುದನ್ನೂ ಸೇರಿಸಿ ನಡಾವಳಿಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ನಡೆಸಬಹುದೆಂದು ಸಂಹಿತೆಯ 530ನೇ ಕಲಂ ಹೇಳುತ್ತದೆ. ಶೋಧವನ್ನು ಚಿತ್ರಿಸಲು ಪಿಎಸ್‌ಐ ಹಿಡಿದ ಮೊಬೈಲಿನಿಂದಲೇ ವಾರಂಟಿಗೆ ಕೋರಿಕೆಯೂ ಹೋಗಬಹುದು. ವಿಡಿಯೊ ಮಾಡಲು ಪುರಸೊತ್ತಿದ್ದವರಿಗೆ ಕೇಳಲು ಪುರಸೊತ್ತಿರಲಿಲ್ಲ ಎಂಬ ಮಾತನ್ನು ಇನ್ನು ಮುಂದೆ ಬರಿದೇ ನಂಬಬೇಕಿಲ್ಲ. ‘ಸಮಯಾವಕಾಶವಿಲ್ಲದೆ’ ಎಂದಷ್ಟೇ ಇರುವ ಕಾರಣಪತ್ರವನ್ನು ಮ್ಯಾಜಿಸ್ಟ್ರೇಟರು ಫೈಲಿಗೆ ಸೇರಿಸುವ ಬದಲು ಠಾಣೆಗೆ ವಾಪಸು ಕಳಿಸಿ, ಎಷ್ಟು ಸಮಯ, ಏಕೆ ಸಾಲದಾಯಿತು ಎಂದು ಲಿಖಿತ ಉತ್ತರ ಕೇಳಬೇಕು. ಅದಕ್ಕೆ ಹೊಸ ಕಾನೂನು ಬೇಡ, ಬಂದ ಕಾಗದವನ್ನು ಓದಿದರೆ ಸಾಕು.