ಹಿಂಬದಿಯ ಸವಾರನೂ ವಿಮೆಯ ಹೊಣೆಯೂ

1939ರ ಮೋಟಾರು ವಾಹನ ಶಾಸನದ 95ನೆಯ ಕಲಮು, ಬಾಡಿಗೆಗಾಗಲಿ ನೌಕರಿಯ ನಿಮಿತ್ತವಾಗಲಿ ಸಾಗುವವರನ್ನುಳಿದು, ವಾಹನದಲ್ಲಿ ಕುಳಿತ ಇತರರನ್ನು ಕಡ್ಡಾಯ ವಿಮೆಯಿಂದ ಹೊರಗಿಟ್ಟಿತ್ತು. 1988ರ ಶಾಸನದ 147ನೆಯ ಕಲಮಿನಲ್ಲಿ ಆ ನಿಬಂಧನೆಯನ್ನು ಕೈಬಿಡಲಾಯಿತು. ಉಳಿದುದು ‘ಯಾವನೇ ವ್ಯಕ್ತಿ’ ಎಂಬ ಮಾತು. ಹಳೆಯ ಪಾಠದಲ್ಲಿದ್ದುದು ಹೊಸ ಪಾಠದಲ್ಲಿ ಕಾಣದಿದ್ದರೆ, ಶಾಸನಗಳನ್ನು ಓದಿ ಪಳಗಿದವನು ಆ ಲೋಪಕ್ಕೊಂದು ಅರ್ಥವನ್ನು ಅರಸುತ್ತಾನೆ. 1999ರ ಸತ್ಪಾಲ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹಾಗೆಯೇ ಓದಿತು. 2002ರ ಆಶಾರಾಣಿ ತೀರ್ಪು ಈ ಓದನ್ನು ತಳ್ಳಿಹಾಕಿತು. ಆದರೆ ಅಲ್ಲಿ ಚರ್ಚೆಗೆ ಬಂದವರು ಸರಕಿನ ವಾಹನವನ್ನೇರಿದವರು. ಮುಖ್ಯ ಆಧಾರವೂ ಸರಕಿನ ಒಡೆಯನನ್ನು ಕಲಮಿನೊಳಕ್ಕೆ ತಂದ 1994ರ ತಿದ್ದುಪಡಿಯೇ. ಲಾರಿಯು ಜನರನ್ನೊಯ್ಯಲು ಆದುದಲ್ಲವೆಂಬ ವಾದಕ್ಕೆ ತೂಕವುಂಟು. 2006ರ ತಿಲಕ್ ಸಿಂಗ್ ತೀರ್ಪು ಅದೇ ತರ್ಕವನ್ನು ಸ್ಕೂಟರಿನ ಹಿಂಬದಿಯವನಿಗೂ ಹಚ್ಚಿದುದು ಮಾತ್ರ ಒಪ್ಪತಕ್ಕುದಲ್ಲ. ಆ ಆಸನವು ಮನುಷ್ಯನಿಗಾಗಿಯೇ ನಿರ್ಮಿತವಾದುದು. (ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಕಾಲೇಜಿಗೆ ಬರುವುದೂ ಅದರ ಮೇಲೆಯೇ.) ಸವಾರನ ಅಜಾಗ್ರತೆಯಿಂದ ದಾರಿಹೋಕನ ಕಾಲು ಮುರಿದರೆ ವಿಮಾ ಸಂಸ್ಥೆಯು ಹಣ ತೆರಬೇಕು, ಅದೇ ಅಪಘಾತದಲ್ಲಿ ಹಿಂದೆ ಕುಳಿತವನ ಕಾಲು ಮುರಿದರೆ, ಕಡ್ಡಾಯ ವಿಮೆಯೊಂದೇ ಇದ್ದಲ್ಲಿ, ಅವನು ಒಡೆಯನ ಜೇಬನ್ನೇ ನೆಚ್ಚಬೇಕು. ಸಮಗ್ರ ಪಾಲಿಸಿಯು ಅವನನ್ನು ಒಳಗೊಳ್ಳುವುದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2009ರಲ್ಲಿ ಸ್ಪಷ್ಟಪಡಿಸಿದುದು ನಿಜ. ಆದರೆ ಅದು ಒಪ್ಪಂದದಿಂದ ಬಂದ ರಕ್ಷಣೆ, ಶಾಸನದಿಂದಲ್ಲ.