ಕೋಟೆಯ ಕಿವಿಗೆ ಖಮಾಚ್

ಮೈಸೂರು ವಾಸುದೇವಾಚಾರ್ಯರ ‘ಬ್ರೋಚೇವಾರೆವರುರಾ’ ಕೇಳಿದಾಗಲೆಲ್ಲ ನನಗೆ ಅವರು ಕಲಿತ ಬಗೆಯೇ ನೆನಪಾಗುತ್ತದೆ. ನಮ್ಮ ಹೆಗ್ಗಡದೇವನಕೋಟೆಗೆ ಮೈಸೂರು ಎಷ್ಟು ದೂರ? ಬಸ್ಸು ಹತ್ತಿದರೆ ಬೆಳಗಿನೊಳಗೆ ಮುಟ್ಟಬಹುದು. ಆಚಾರ್ಯರು ಮಾತ್ರ ವಿದ್ಯೆಗಾಗಿ ಅಲ್ಲಿಂದ ತಮಿಳುನಾಡಿನ ತಿರುವೈಯಾರಿಗೇ ಹೋದರು.

1865ರಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಒಂದು ಕಡೆ ಸಂಸ್ಕೃತ ಪಾಠ, ಇನ್ನೊಂದು ಕಡೆ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತ. ಆಮೇಲೆ ಚಾಮರಾಜ ಒಡೆಯರ ನೆರವಿನಿಂದ ಪಟ್ಟಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಗುರುಕುಲವಾಸ. ಅಯ್ಯರ್ ಅವರ ಗುರು ತ್ಯಾಗರಾಜರ ನೇರ ಶಿಷ್ಯರು. ಆ ಬನಿ ಹೀಗೆ ಮೈಸೂರಿಗೆ ಹರಿದುಬಂತು. ಮರಳಿದವರು ಆಸ್ಥಾನ ವಿದ್ವಾಂಸರಾದರು.

ಎರಡೂ ಓದು ಈ ಖಮಾಚ್ ರಾಗದ ಕೃತಿಯಲ್ಲಿ ಒಂದಾಗಿವೆ. ಪಲ್ಲವಿ, ಅನುಪಲ್ಲವಿ, ಎರಡರ ಮೊದಲ ಸಾಲಿನಲ್ಲೂ ಎರಡನೆಯ ಅಕ್ಷರ ‘ಚ’ಕಾರವೇ; ಚರಣದಲ್ಲಿ ಅದು ‘ತ’ಕಾರ. ಪ್ರಾಸಕ್ಕಾಗಿ ಪದವನ್ನು ಎಳೆದು ತಂದ ಗುರುತಿಲ್ಲ. ಷಡ್ಜದಿಂದ ಮಧ್ಯಮಕ್ಕೆ ಹಾರಿ, ಗಾಂಧಾರಕ್ಕೆ ಹಿಂತಿರುಗಿ, ಮತ್ತೆ ಮೇಲೇರುವ ರಾಗದ ನಡೆಗೆ ದೇವರೊಡನೆ ಸಲುಗೆಯಿಂದ ವಾದಿಸುವ ಆ ತೆಲುಗು ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆ! ಕಛೇರಿ ಕೇಳಿ ಗೊತ್ತಿಲ್ಲದವರೂ ತಲೆದೂಗುವುದು ಇದಕ್ಕೇ ಎಂದು ನನ್ನ ನಂಬಿಕೆ. ‘ವಾಸುದೇವ’ ಎಂಬ ಅಂಕಿತ ಬರುವ ಹೊತ್ತಿಗೆ ಹಾಡು ಕೇಳುಗರದ್ದೇ ಆಗಿರುತ್ತದೆ.